ಖಟ್ಲೆ ನಮ್ಮದು, ಭಾಷೆ ಯಾರದು?

ದೊಡ್ಡದೊಂದು ಖೂನಿ ಖಟ್ಲೆ ನಡೆದರೆ ಜನರು ಕಚೇರಿಯ ಮುಂದೆ ಜಾತ್ರೆಯಂತೆ ನೆರೆಯುತ್ತಾರೆ. ಇದು ಹೀನ ಕುತೂಹಲವೆಂದು ನಮ್ಮ ಕೆಲವು ಸುಶಿಕ್ಷಿತರು ಮೂಗು ಮುರಿಯುವುದುಂಟು. ಈ ಮಾತನ್ನು ನಾವು ಸರ್ವಥಾ ಒಪ್ಪೆವು. ನ್ಯಾಯಾಲಯದ ಬಾಗಿಲು ತೆರೆದಿರಬೇಕೆಂದು ಕಾನೂನೇ ವಿಧಿಸಿರುವುದು ಯಾರಿಗಾಗಿ? ಜನರು ನೆರೆಯುವುದು ದೋಷವಲ್ಲ. ನೆರೆದವರಿಗೆ ಒಳಗಿನ ಮಾತು ತಿಳಿಯದಿರುವುದೇ ಅನರ್ಥ. ತಿಳಿಯದವನು ಗಾಳಿಮಾತನ್ನು ನಂಬುತ್ತಾನೆ. ಸಾಕ್ಷಿಗಳ ಹೇಳಿಕೆ ಮುಗಿಯುವ ಮೊದಲೇ ದೂರದರ್ಶನದ ಪಂಚಾಯತಿಯವರು ಆರೋಪಿಗೆ ಗಲ್ಲು ವಿಧಿಸಿಬಿಡುತ್ತಾರೆ.

1908ರ ಜುಲೈಯಲ್ಲಿ ಮುಂಬಯಿ ಹಾಯಕೋರ್ಟಿನಲ್ಲಿ ಲೋಕಮಾನ್ಯ ಟಿಳಕರ ಮೇಲೆ ನಡೆದ ರಾಜದ್ರೋಹದ ಖಟ್ಲೆಯನ್ನೇ ನೋಡಿರಿ. ಅಪರಾಧವೆಂದು ಹಿಡಿದದ್ದು 'ಕೇಸರಿ'ಯ ಮರಾಠಿ ಲೇಖನಗಳನ್ನು. ತೀರ್ಮಾನಿಸಲು ಕುಳಿತ ಒಂಬತ್ತು ಜನ ಜ್ಯೂರಿಗಳಲ್ಲಿ ಏಳು ಜನ ಯುರೋಪಿಯನ್ನರು, ಇಬ್ಬರು ಪಾರಸಿಗಳು. ಬರೆದ ಮಾತು ಒಂದು, ತಕ್ಕಡಿಯಲ್ಲಿ ಬಿದ್ದ ಮಾತು ಇನ್ನೊಂದು! ಟಿಳಕರು ತರ್ಜುಮೆಯ ದೋಷಗಳನ್ನು ಎತ್ತಿ ತೋರಿಸುತ್ತ ಇಪ್ಪತ್ತೊಂದು ಗಂಟೆಗಳಿಗೂ ಮಿಕ್ಕಿ ಸ್ವತಃ ವಾದಿಸಿದರು. ಪೀಠದಲ್ಲಿದ್ದ ನ್ಯಾಯಮೂರ್ತಿ ದಾವರರೋ, 1897ರಲ್ಲಿ ಇದೇ ಟಿಳಕರ ಜಾಮೀನಿಗಾಗಿ ವಾದಿಸಿದ್ದ ಬ್ಯಾರಿಸ್ಟರರು, ವಿಧಿಯ ವಿಡಂಬನೆ! ಏಳಕ್ಕೆ ಎರಡರ ಬಹುಮತದಿಂದ ಟಿಳಕರು ಅಪರಾಧಿಗಳೆನಿಸಿದರು. 22ರ ರಾತ್ರಿ ಆರು ವರುಷಗಳ ಗಡೀಪಾರಿನ ಶಿಕ್ಷೆಯಾಯಿತು. ಮರುದಿನದಿಂದ ಮುಂಬಯಿಯ ಗಿರಣಿ ಕೂಲಿಕಾರರು ಆರು ದಿನ ಕೆಲಸ ನಿಲ್ಲಿಸಿದರು. ಅವರದೂ ಹೀನ ಕುತೂಹಲವೇ?

ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕನ್ನಡಿಗರೂ ಅದೇ ಹಾಯಕೋರ್ಟಿಗೆ ಒಳಪಟ್ಟವರು. ಬಳ್ಳಾರಿ, ಮಂಗಳೂರುಗಳವರಿಗೆ ಮದರಾಸು. ಕಲಬುರ್ಗಿ, ರಾಯಚೂರುಗಳವರಿಗೆ ಹೈದರಾಬಾದು, ಅಲ್ಲಿ ಕಚೇರಿಯ ಭಾಷೆ ಉರ್ದು. ಒಡೆದ ನಾಡಿನ ಆರೋಪಿಗೆ ದಿಕ್ಕಿಗೊಂದು ನ್ಯಾಯಾಲಯ, ಯಾವುದರಲ್ಲಿಯೂ ತನ್ನ ಮಾತಿಲ್ಲ. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಧಾರವಾಡ, ಕಲಬುರ್ಗಿಗಳಿಗೆ 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠಗಳು ಬಂದವು. 2013ರಲ್ಲಿ ಅವು ಖಾಯಮಾದವು. ಪೀಠವು ಮನೆಯ ಬಾಗಿಲಿಗೆ ಬಂದಿತು, ಕನ್ನಡವು ಪೀಠದ ಮುಂದೆ ಬರಲಿಲ್ಲ.

ಕೆಳಗಿನ ಕಚೇರಿಗಳ ಭಾಷೆಯನ್ನು ಗೊತ್ತುಪಡಿಸುವ ಅಧಿಕಾರವು ರಾಜ್ಯ ಸರಕಾರದ ಕೈಯಲ್ಲಿಯೇ ಇದೆ. ಅಲ್ಲಿ ಇಂಗ್ಲಿಷನ್ನು ಬಿಡಲೊಲ್ಲದವರು ನಮ್ಮವರೇ, ಪರರನ್ನು ದೂರಿ ಫಲವಿಲ್ಲ. ಉಚ್ಚ ನ್ಯಾಯಾಲಯದ ಸಂಗತಿ ಬೇರೆ. ಸಂವಿಧಾನದ 348ನೆಯ ವಿಧಿಯಂತೆ ರಾಷ್ಟ್ರಪತಿಗಳ ಪೂರ್ವಸಮ್ಮತಿ ಪಡೆದು ರಾಜ್ಯದ ಭಾಷೆಯನ್ನು ಅಲ್ಲಿ ಬಳಸಬಹುದು. ರಾಜಸ್ಥಾನಕ್ಕೆ 1950ರಲ್ಲಿ, ಉತ್ತರ ಪ್ರದೇಶಕ್ಕೆ 1969ರಲ್ಲಿ, ಮಧ್ಯ ಪ್ರದೇಶಕ್ಕೆ 1971ರಲ್ಲಿ, ಬಿಹಾರಕ್ಕೆ 1972ರಲ್ಲಿ ಹಿಂದಿಯ ಬಗ್ಗೆ ಈ ಸಮ್ಮತಿ ದೊರೆಯಿತು. ಕನ್ನಡಿಗರೂ ಕೇಳಿದರು, ತಮಿಳರು, ಬಂಗಾಲಿಗಳು, ಗುಜರಾತಿಗಳು ಕೇಳಿದರು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಲಿಲ್ಲ. ಹಿಂದಿಗೆ ಸಂದ ನ್ಯಾಯವು ಕನ್ನಡಕ್ಕೆ ಏಕೆ ಸಲ್ಲದು?

ಕನ್ನಡದಲ್ಲಿ ಕಾಯದೆಯ ಶಬ್ದಗಳಿಲ್ಲವೆಂದು ಹೇಳುವವರಿದ್ದಾರೆ. ಸಾಕ್ಷಿಯು ಕಂಡದ್ದನ್ನು ಕನ್ನಡದಲ್ಲಿ ಹೇಳಬಲ್ಲನಾದರೆ, ಅದನ್ನು ತೂಗುವುದಕ್ಕೆ ಕನ್ನಡ ಸಾಲದೇ? ಸೆಷನ್ಸ್ ಕಚೇರಿಯು ವಿಧಿಸಿದ ಮರಣದಂಡನೆಯು ಉಚ್ಚ ನ್ಯಾಯಾಲಯದ ದೃಢೀಕರಣವಿಲ್ಲದೆ ಜಾರಿಗೆ ಬಾರದು. ಕನ್ನಡಿಗನೊಬ್ಬನ ಪ್ರಾಣ ಉಳಿಯಬೇಕೋ ಹೋಗಬೇಕೋ ಎಂಬ ಆ ವಾದವು ಇಂದಿಗೂ ನಡೆಯುವುದು ಇಂಗ್ಲಿಷಿನಲ್ಲಿ. ಹಿಂದಿನ ಬೆಂಚಿನಲ್ಲಿ ಕುಳಿತ ಅವನ ಮನೆಯವರು ವಕೀಲರ ಮುಖ ನೋಡಿ ಫಲವನ್ನು ಊಹಿಸಿಕೊಳ್ಳಬೇಕು. ನಮ್ಮ ಶಾಸಕರು ದಿಲ್ಲಿಯ ಬಾಗಿಲಲ್ಲಿ ನಿಂತು ಹೇಳಬೇಕಾದದ್ದು ಇದನ್ನು.