ಪಾಲಕ್ ಪನೀರಿಗೆ ಚಪ್ಪಾಳೆ, ಒಣಮೀನಿಗೆ ಮೂಗು ಮುಚ್ಚು

ಅಮೆರಿಕದ ಪಾಲಕ್ ಪನೀರ್ ಸುದ್ದಿ ನಿಮ್ಮ ವಾಟ್ಸಾಪಿಗೂ ಬಂದಿರಬೇಕು. ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್ಸಿನಲ್ಲಿ ಪಿಎಚ್.ಡಿ ಮಾಡುತ್ತಿದ್ದ ನಮ್ಮ ದೇಶದ ಹುಡುಗನೊಬ್ಬ 2023ರ ಸೆಪ್ಟೆಂಬರಿನಲ್ಲಿ ತನ್ನ ಊಟವನ್ನು ವಿಭಾಗದ ಮೈಕ್ರೊವೇವಿನಲ್ಲಿ ಬಿಸಿ ಮಾಡಿದ. ಸಿಬ್ಬಂದಿಯೊಬ್ಬರು ವಾಸನೆ ಎಂದು ತಕರಾರು ತೆಗೆದರು. ಮಾತು ಬೆಳೆಯಿತು. ಅಲ್ಲೇ ಓದುತ್ತಿದ್ದ ಅವನ ಸಂಗಾತಿಯ ಪಾಠ ಮಾಡುವ ಕೆಲಸವೂ ಹೋಯಿತು. ಇಬ್ಬರೂ ಕೋರ್ಟಿಗೆ ಹೋದರು. 2025ರ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯ ತಪ್ಪು ಒಪ್ಪಿಕೊಳ್ಳದೆಯೇ 2 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ತಟ್ಟಬೇಕಾದ್ದೇ. ಈಗ ನಮ್ಮದೇ ಮೂಗಿನ ವಿಚಾರಕ್ಕೆ ಬರೋಣ.

ನಮ್ಮ ದೇಶಕ್ಕೆ ಓದಲು ಬಂದ ಪರದೇಶದ ಮಕ್ಕಳಿಗೆ ನಾವೇನು ಮಾಡಿದೆವು? 2024ರ ಮಾರ್ಚಿನಲ್ಲಿ ಗುಜರಾತ್ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ನಮಾಜು ಮಾಡುತ್ತಿದ್ದ ವಿದೇಶಿ ವಿದ್ಯಾರ್ಥಿಗಳ ಮೇಲೆ ಗುಂಪೊಂದು ನುಗ್ಗಿ ಹೊಡೆಯಿತು. ಆಮೇಲೆ ಕುಲಪತಿಗಳು ಆ ಮಕ್ಕಳು ಮಾಂಸ ತಿನ್ನುವ ಮಾತನ್ನೂ ಎತ್ತಿದರು. ಪೆಟ್ಟು ತಿಂದವರ ತಟ್ಟೆಯನ್ನೇ ತನಿಖೆ ಮಾಡಿದಂತಾಯಿತು. ನಮ್ಮವರೊಳಗೂ ಇದೇ ಕತೆ. 2023ರಲ್ಲಿ ಐಐಟಿ ಬಾಂಬೆಯ ಮೆಸ್ಸಿನಲ್ಲಿ ಸಸ್ಯಾಹಾರಿಗಳಿಗೆಂದೇ ಟೇಬಲ್ ಬೇರೆ ಮಾಡಿದರು. ವಿರೋಧಿಸಿದ ವಿದ್ಯಾರ್ಥಿಗೆ 10,000 ರೂಪಾಯಿ ದಂಡ ಬಿತ್ತು.

ಅಷ್ಟು ದೂರ ಯಾಕೆ? ಕಳಸ, ಮೂಡಿಗೆರೆ, ಕುದುರೆಮುಖದ ಮಕ್ಕಳು ಓದಲು ಘಟ್ಟ ಇಳಿಯುತ್ತಾರೆ, ಇಲ್ಲವೇ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಬ್ಯಾಗಿನಲ್ಲಿ ಅಮ್ಮ ಕಟ್ಟಿಕೊಟ್ಟ ಒಣಸಿಗಡಿ ಚಟ್ನಿಯ ಡಬ್ಬಿ ಇರುತ್ತದೆ. ಎಷ್ಟೋ ಹಾಸ್ಟೆಲುಗಳ ಗೇಟಿನಲ್ಲೇ ಆ ಡಬ್ಬಿ ವಾಪಸ್. ಮಳೆಗಾಲ ಬಂದರೆ ಏಡಿ ಸಾರು, ಕಳಲೆ ಪಲ್ಯ, ಕೆಸುವಿನ ಪತ್ರೊಡೆ ಉಂಡು ಬೆಳೆದ ಮಕ್ಕಳು ವರ್ಷವಿಡೀ ಅದೇ ನೀರು ಸಾಂಬಾರಿಗೆ ಕೈ ಒಡ್ಡಬೇಕು. ಇದು ಬರೀ ಮಾಂಸದ ಪ್ರಶ್ನೆ ಎಂದುಕೊಳ್ಳಬೇಡಿ. ಪತ್ರೊಡೆಗೂ ಅಲ್ಲಿ ಜಾಗವಿಲ್ಲ, ಅಕ್ಕಿರೊಟ್ಟಿಗೂ ಇಲ್ಲ.

ಇನ್ನು ನಾವೇನು ಸಾಚಾಗಳೇ? ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನ ಕಾರ್ಮಿಕರಿದ್ದಾರೆ. ಅವರ ಒಲೆಯ ಮೇಲೆ ಸಾಸಿವೆ ಎಣ್ಣೆ ಕಾದರೆ ಮೂಗು ಮುಚ್ಚುವವರು ನಾವೇ. ಅವರ ಖೋರಿಸಾ ಅಂದರೆ ಹುಳಿ ಬರಿಸಿದ ಬಿದಿರಿನ ಮೊಳಕೆ. ನಾವು ಮೂರು ದಿನ ನೀರು ಬದಲಿಸಿ ನೆನೆಹಾಕುವ ಕಳಲೆಯ ಖಾಸಾ ನೆಂಟ. ನಮ್ಮ ಕಳಲೆ ಘಮ, ಅವರ ಖೋರಿಸಾ ನಾತವೇ? ಅವರ ಮಕ್ಕಳು ನಮ್ಮ ಶಾಲೆಗಳಲ್ಲಿ ಪಕ್ಕದಲ್ಲೇ ಕೂತು ಉಣ್ಣುತ್ತಾರೆ. ಬುತ್ತಿ ನೋಡಿ ನಗಬಾರದೆಂದು ನಮ್ಮ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆಯೇ?

ಹಾಸ್ಟೆಲ್ ಎಂದರೆ ತವರುಮನೆಯಲ್ಲ ಎನ್ನುತ್ತಾರೆ ಆಡಳಿತದವರು. ಸರಿ. ಹಾಗಾದರೆ ಮೆಸ್ ಬಿಲ್ಲನ್ನು ಯಾವ ಮನೆಗೆ ಕಳಿಸುತ್ತೀರಿ? ಖರ್ಚಿನ ನೆಪ ಬೇಡ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು ಸರ್ಕಾರ ಕೊಡುವ ಅಷ್ಟಿಷ್ಟು ದುಡ್ಡಿನಲ್ಲೇ ಮೊಟ್ಟೆ, ಕೋಳಿ ಸಾರು ಬಡಿಸುತ್ತವೆ. ಲಕ್ಷ ಫೀಸು ಎಣಿಸಿಕೊಳ್ಳುವವರಿಗೆ ಯಾಕೆ ಆಗದು? ಸಸ್ಯಾಹಾರಿ ಮಕ್ಕಳಿಗೆ ಕಸಿವಿಸಿ ಆಗುತ್ತದೆ ಎಂಬುದು ನ್ಯಾಯದ ಮಾತು. ಅದಕ್ಕೆ ಪಾತ್ರೆ ಬೇರೆ, ಸೌಟು ಬೇರೆ ಇಡಿ. ಇನ್ನೊಬ್ಬರ ಡಬ್ಬಿ ಕಿತ್ತುಕೊಳ್ಳುವುದು ಪರಿಹಾರವಲ್ಲ.

ನಾವು ಕೇಳುವುದು ಮೂರೇ. ಪ್ರತಿ ಹಾಸ್ಟೆಲಿನಲ್ಲೂ ಮಕ್ಕಳು ಬಿಸಿ ಮಾಡಿಕೊಳ್ಳಲು, ವಾರಕ್ಕೊಮ್ಮೆ ತಮ್ಮ ಊರಿನ ಅಡುಗೆ ಮಾಡಿಕೊಳ್ಳಲು ಒಂದು ಸಣ್ಣ ಅಡುಗೆಕೋಣೆ ಇರಲಿ. ಮೆನು ಬರೆಯುವಾಗ ಬೇರೆ ಬೇರೆ ಊರಿನ, ಬೇರೆ ದೇಶದ ಮಕ್ಕಳೂ ಕೂತಿರಲಿ. ಮನೆಯಿಂದ ಬಂದ ಡಬ್ಬಿಯನ್ನು ವಾರ್ಡನ್ ಮುಟ್ಟದಿರಲಿ.

ಅಡ್ಮಿಷನ್ ಕಾಲದಲ್ಲಿ ಅಪ್ಪ ಅಮ್ಮಂದಿರು ಫೀಸು ಕೇಳುತ್ತಾರೆ, ರಿಸಲ್ಟ್ ಕೇಳುತ್ತಾರೆ. ಈ ಸಲ ದುಡ್ಡು ಕಟ್ಟುವ ಮೊದಲು ಇದನ್ನೂ ಕೇಳಿ: ನಮ್ಮ ಮಗು ತಿನ್ನುವುದನ್ನು ನಿಮ್ಮಲ್ಲಿ ತಿನ್ನಬಹುದೇ? ಉತ್ತರವನ್ನು ಬರಹದಲ್ಲೇ ಈಸಿಕೊಳ್ಳಿ.