ಲೈಫ್ ಜಾಕೆಟ್ ಲೆಕ್ಕ ಸಿಗುತ್ತೆ, ಕಿಲ್ ಕಾರ್ಡ್ ಲೆಕ್ಕ ಯಾರ ಹತ್ರ ಇದೆ?

ಮುಂಗಾರಿಗೆ ಮೊದಲು ಪ್ರವಾಹ ಸಿದ್ಧತೆಯ ಸಭೆಗಳು ನಡೆಯುತ್ತವೆ. ಕಾಳಜಿ ಕೇಂದ್ರ ಎಷ್ಟು, ದೋಣಿ ಎಷ್ಟು, ಲೈಫ್ ಜಾಕೆಟ್ ಎಷ್ಟು ಅಂತ ಪಟ್ಟಿ ಓದಲಾಗುತ್ತೆ. ಗದಗ ಜಿಲ್ಲೆಗೆ ಈ ಪಟ್ಟಿ ಬರೀ ಕಾಗದದ ಮಾತಲ್ಲ. ದಕ್ಷಿಣಕ್ಕೆ ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಅಂಚಿನಲ್ಲಿ ತುಂಗಭದ್ರೆ. ಉತ್ತರಕ್ಕೆ ನರಗುಂದ, ರೋಣದ ಕಡೆ ಮಲಪ್ರಭೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿನ ಕಡೆ ನೀರು ನುಗ್ಗಿದ್ದನ್ನ ಈ ಜಿಲ್ಲೆಯ ಯಾರೂ ಮರೆತಿಲ್ಲ. ಇಂಥ ಹೊತ್ತಲ್ಲಿ ಜನರ ಕಣ್ಣು ಹುಡುಕೋದು ಮೋಟಾರ್ ಹಾಕಿದ ರಬ್ಬರ್ ದೋಣಿಯನ್ನ.

ನನ್ನ ಪ್ರಶ್ನೆ ಆ ಮೋಟಾರಿಗೆ ತೂಗುಬಿಟ್ಟಿರುವ, ಸಾಮಾನ್ಯವಾಗಿ ಕೆಂಪು ಬಣ್ಣದ, ಸುರುಳಿ ಹುರಿಯ ಬಗ್ಗೆ. ಅದರ ಹೆಸರು ಕಿಲ್ ಕಾರ್ಡ್. ಒಂದು ತುದಿಯ ಕ್ಲಿಪ್ ಎಂಜಿನ್‌ನ ಸ್ವಿಚ್‌ಗೆ ಸಿಕ್ಕಿಸಿರುತ್ತೆ, ಇನ್ನೊಂದು ತುದಿ ಚಾಲಕನ ಕಾಲಿಗೋ ಜಾಕೆಟ್‌ಗೋ ಕಟ್ಟಿರಬೇಕು. ಚಾಲಕ ನೀರಿಗೆ ಬಿದ್ದರೆ ಹುರಿ ಎಳೆದು ಕ್ಲಿಪ್ ಕಳಚುತ್ತೆ, ಎಂಜಿನ್ ನಿಲ್ಲುತ್ತೆ. ಅಷ್ಟೇ ಕೆಲಸ.

ಕಟ್ಟದಿದ್ದರೆ ಏನಾಗುತ್ತೆ? ಹಿಡಿಯುವವರಿಲ್ಲದ ದೋಣಿ ನೆಟ್ಟಗೆ ದೂರ ಹೋಗಿಬಿಡುತ್ತೆ ಅಂತ ನಾವು ಅಂದ್ಕೋತೀವಿ. ಬಹಳ ಸಲ ಹಾಗಾಗಲ್ಲ. ಪ್ರೊಪೆಲರ್ ತಿರುಗುವ ಬಲಕ್ಕೆ ಮೋಟಾರ್ ಒಂದು ಕಡೆ ವಾಲುತ್ತೆ, ದೋಣಿ ಸುತ್ತು ಹೊಡೆದು ಬಿದ್ದವರ ಮೇಲೇ ವಾಪಸ್ ಬರುತ್ತೆ. ಎಂಜಿನ್ 3000 ಆರ್‌ಪಿಎಂನಲ್ಲಿದ್ದು ಗೇರ್ ಅದನ್ನು ಅರ್ಧಕ್ಕಿಳಿಸಿದರೂ ಪ್ರೊಪೆಲರ್ ಸೆಕೆಂಡಿಗೆ 25 ಸುತ್ತು ತಿರುಗುತ್ತೆ. ಮೂರು ಅಲಗು ಅಂದರೆ ಸೆಕೆಂಡಿಗೆ 75 ಏಟು. ಇದರ ಮುಂದೆ ಲೈಫ್ ಜಾಕೆಟ್ ಏನೂ ಮಾಡಲ್ಲ. ಅದು ಮನುಷ್ಯನನ್ನ ತೇಲಿಸುತ್ತೆ, ಅಲಗಿನಿಂದ ಕಾಯಲ್ಲ.

2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋ ಬಳಿ ಹೀಗೇ ಆಯಿತು. ಒಂದು ಕುಟುಂಬದ ಆರೂ ಜನ ನೀರಿಗೆ ಎಸೆಯಲ್ಪಟ್ಟರು, ಸುತ್ತುತ್ತಾ ಬಂದ ದೋಣಿ ಅವರಿಗೇ ಬಡಿಯಿತು. ತಂದೆ ಮತ್ತು ಎಂಟು ವರ್ಷದ ಮಗಳು ತೀರಿಕೊಂಡರು. ದೋಣಿಯಲ್ಲಿ ಕಿಲ್ ಕಾರ್ಡ್ ಇತ್ತು, ಯಾರ ಮೈಗೂ ಕಟ್ಟಿರಲಿಲ್ಲ. ಅಮೆರಿಕ 2021ರ ಏಪ್ರಿಲ್ 1ರಿಂದ, 26 ಅಡಿಗಿಂತ ಚಿಕ್ಕ ಮೋಟಾರ್ ದೋಣಿಗಳಲ್ಲಿ ಈ ವ್ಯವಸ್ಥೆ ಇದ್ದರೆ ವೇಗವಾಗಿ ಓಡಿಸುವಾಗ ಅದನ್ನ ಬಳಸಲೇಬೇಕು ಅಂತ ಕಾನೂನು ತಂದಿತು.

ನಮ್ಮಲ್ಲಿ ದೋಣಿ ಸುರಕ್ಷತೆಯ ಚರ್ಚೆ ಎರಡೇ ಮಾತಿಗೆ ನಿಂತುಬಿಡುತ್ತೆ: ಜನ ಜಾಸ್ತಿ ತುಂಬಿದ್ರು, ಜಾಕೆಟ್ ಇರಲಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯ ದೋಣಿ ಮಗುಚಿ 16 ಜನ ಸತ್ತಾಗ ಆ ಎರಡೂ ಮಾತು ಸರಿಯಾಗೇ ಇದ್ದವು. ಕಿಲ್ ಕಾರ್ಡ್ ಆ ದುರಂತವನ್ನ ತಪ್ಪಿಸುತ್ತಿರಲಿಲ್ಲ. ಆದರೆ ಪ್ರವಾಹದ ದೋಣಿಯ ಅಪಾಯ ಬೇರೆ ಥರದ್ದು: ಸೆಳವು, ಮುಳುಗಿದ ಮರ, ಕಣ್ಣಿಗೆ ಕಾಣದ ಬೇಲಿ, ಸುತ್ತಲೂ ನೀರಲ್ಲಿ ಜನ. ಅದೇ 2019ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಳಗೆ, ವಿರುಪಾಪುರಗಡ್ಡೆಯಲ್ಲಿ ರಕ್ಷಣಾ ದೋಣಿಯೇ ಮಗುಚಿ ಸಿಬ್ಬಂದಿ ಕೊಚ್ಚಿಹೋದರು. ಅವರನ್ನ ಜೀವಂತ ಉಳಿಸಿಕೊಂಡಿದ್ದು ಸಮಾಧಾನ. ತರಬೇತಾದವರೂ ದೋಣಿಯಿಂದ ಬೀಳ್ತಾರೆ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಾ?

ಹುರಿ ಕಟ್ಟದಿರೋಕೆ ಕಾರಣಗಳಿವೆ. ಚಾಲಕ ಆಗಾಗ ಏಳಬೇಕು, ಹಗ್ಗ ಎಸೀಬೇಕು, ಹುರಿ ಅಡ್ಡ ಬರುತ್ತೆ. ಸೆಳವಿನ ಮಧ್ಯೆ ತಪ್ಪಿ ಎಂಜಿನ್ ನಿಂತರೆ ಅದೂ ಅಪಾಯವೇ. ಈ ವಾದವನ್ನ ತಳ್ಳಿಹಾಕೋಕಾಗಲ್ಲ. ಆದರೆ ನಿಂತ ಎಂಜಿನ್‌ಗೆ ಕ್ಲಿಪ್ ಸಿಕ್ಕಿಸಿ ಮತ್ತೆ ಶುರು ಮಾಡಬಹುದು. ಚಾಲಕನಿಲ್ಲದೆ ಓಡುವ ದೋಣಿಯನ್ನ ನೀರಲ್ಲಿರುವವರು ಹಿಡಿಯೋಕಾಗಲ್ಲ. ಕ್ಲಿಪ್ ಇಲ್ಲದಿದ್ದರೆ ಸಾಮಾನ್ಯವಾಗಿ ಎಂಜಿನ್ ಶುರುವಾಗಲ್ಲ, ಹಾಗಾಗಿ ಕ್ಲಿಪ್ ಸ್ವಿಚ್‌ನಲ್ಲೇ ಇರುತ್ತೆ, ಹುರಿ ಮಾತ್ರ ಗಾಳಿಯಲ್ಲಿ ತೂಗ್ತಿರುತ್ತೆ. ಹೆಲ್ಮೆಟ್ಟನ್ನ ಬೈಕಿನ ಟ್ಯಾಂಕ್ ಮೇಲಿಟ್ಟು ಓಡಿಸಿದ ಹಾಗೆ.

ಎಂಜಿನಿಯರಿಂಗ್‌ನಲ್ಲಿ ಇದಕ್ಕೆ ಫೇಲ್-ಸೇಫ್ ಅಂತಾರೆ: ಏನಾದರೂ ಕೈಕೊಟ್ಟರೆ ಯಂತ್ರ ಸುರಕ್ಷಿತ ಸ್ಥಿತಿಗೆ ಬರಬೇಕು. ಬೆಟಗೇರಿಯ ನೇಕಾರರಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ. ಪವರ್‌ಲೂಮ್‌ನಲ್ಲಿ ಹೊಕ್ಕಿನ ನೂಲು ಕಡಿದರೆ ಮಗ್ಗವನ್ನ ತಾನಾಗಿ ನಿಲ್ಲಿಸುವ ವ್ಯವಸ್ಥೆ ಹಳೆಯದು, ಇಲ್ಲದಿದ್ದರೆ ಬಟ್ಟೆ ಕೆಡುತ್ತೆ. ಬಟ್ಟೆಗೆ ಕೊಟ್ಟ ಕಾಳಜಿಯನ್ನ ರಕ್ಷಣಾ ಸಿಬ್ಬಂದಿಯ ಜೀವಕ್ಕೆ ಕೊಡೋದು ದೊಡ್ಡ ಬೇಡಿಕೆ ಏನಲ್ಲ.

ಇದನ್ನ ಚಾಲಕನ ಶಿಸ್ತಿನ ವಿಷಯ ಅಂತ ಬಿಟ್ಟರೆ ಅಪಘಾತದ ಮಾರನೇ ದಿನ ತಪ್ಪೆಲ್ಲ ಅವನ ತಲೆಗೇ ಬರುತ್ತೆ. ಇದು ಆಡಳಿತದ ವಿಷಯ. ಖರೀದಿಯ ಷರತ್ತಿನಲ್ಲಿ ಪ್ರತಿ ಮೋಟಾರಿಗೆ ಎರಡು ಕಿಲ್ ಕಾರ್ಡ್ ಇರಬೇಕು. ಎರಡನೆಯದು ಯಾಕೆ ಅಂದರೆ, ಚಾಲಕ ಹುರಿ ಸಮೇತ ಬಿದ್ದಾಗ ದೋಣಿಯಲ್ಲಿ ಉಳಿದವರು ಎಂಜಿನ್ ಶುರು ಮಾಡಿ ಅವನನ್ನೇ ಎತ್ತಬೇಕಲ್ಲ. ಪ್ರತಿ ಸಲ ಹೊರಡುವ ಮುನ್ನ ಹುರಿ ಎಳೆದು ಎಂಜಿನ್ ನಿಲ್ಲುತ್ತಾ ಅಂತ ನೋಡಬೇಕು, ಪುಸ್ತಕದಲ್ಲಿ ಬರೀಬೇಕು.

ಗದಗ-ಬೆಟಗೇರಿಯಲ್ಲೋ ಲಕ್ಷ್ಮೇಶ್ವರದಲ್ಲೋ ಕೂತು ಇದನ್ನ ಓದ್ತಿರೋರು ಒಂದು ಕೆಲಸ ಮಾಡಬಹುದು. ಕರ್ನಾಟಕದಲ್ಲಿ ಆರ್‌ಟಿಐ ಅರ್ಜಿಗೆ 10 ರೂಪಾಯಿ ಶುಲ್ಕ, 150 ಪದದ ಮಿತಿ. ಜಿಲ್ಲಾಡಳಿತಕ್ಕೆ ಮೂರು ದಾಖಲೆ ಕೇಳಿ: ಮೋಟಾರ್ ದೋಣಿಗಳ ಖರೀದಿ ಷರತ್ತು, ಬಿಡಿಭಾಗಗಳ ದಾಸ್ತಾನು ಪುಸ್ತಕ, ಕಳೆದ ವರ್ಷದ ಅಣಕು ಕಾರ್ಯಾಚರಣೆಯ ವರದಿ. ಅದರಲ್ಲಿ ಕಿಲ್ ಕಾರ್ಡ್ ಇದ್ದರೆ ಒಳ್ಳೇದು. ಇಲ್ಲದಿದ್ದರೆ ಹೊಳೆ ಏರುವ ಮೊದಲೇ ನಿಮಗೆ ಗೊತ್ತಾಗಿರುತ್ತೆ, ಅವರಿಗೂ.