ಕಲ್ಲು ಕಾಯುತ್ತದೆ, ತಗಡು ಕಾಯುವುದಿಲ್ಲ

ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಕಲ್ಲಿನ ಮಂಟಪವೊಂದು ತಲೆಮಾರುಗಳ ಕಾಲ ನಾಡಿನ ಗಮನಕ್ಕೆ ಬಾರದೆ ನಿಂತಿತ್ತು. ಅದು ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿ ಎಂಬುದು ಎಲ್ಲರಿಗೂ ತಿಳಿದದ್ದು 2015ರಲ್ಲಿ, ಅಲ್ಲಿನ ಶಾಸನವನ್ನು ಓದಿದ ಮೇಲೆ. ಕೆಂಪೇಗೌಡರು ತೀರಿಕೊಂಡದ್ದು 1569ರಲ್ಲಿ ಎನ್ನುತ್ತಾರೆ. ಗುರುತಿಸಲು ನಾವು ಅಷ್ಟು ತಡಮಾಡಿದರೂ ಕಲ್ಲು ಅಲ್ಲೇ ಇತ್ತು. ಅಕ್ಷರಗಳೂ ಉಳಿದಿದ್ದವು. ಹಾಗಾಗಿ ನಮ್ಮ ಮರೆವನ್ನು ತಿದ್ದಿಕೊಳ್ಳಲು ಅವಕಾಶ ಸಿಕ್ಕಿತು.

ಇದೇ ರಾಮನಗರ ಸೀಮೆಯಲ್ಲಿ ಹಾಗೆ ಕಾಯಲಾರದ ಸ್ವತ್ತೊಂದಿದೆ. ಬಿಡದಿ, ರಾಮನಗರ, ಚನ್ನಪಟ್ಟಣದ ಮೇಲೆ ಹಾದುಹೋಗುವ ಬೆಂಗಳೂರು–ಮೈಸೂರು ರೈಲು ಮಾರ್ಗಕ್ಕೆ ಒಂದು ಕಾಲದಲ್ಲಿ ದಾರಿ ತೋರಿಸಿದ ಸೀಮೆಎಣ್ಣೆ ದೀಪಗಳು ಅವು. ಕೈಮರದ, ಅಂದರೆ ಹಳೆಯ ಸಿಗ್ನಲ್ ಕಂಬದ, ತುದಿಯಲ್ಲಿ ಉರಿದ ದೀಪ, ಗಾರ್ಡಿನ ಕೈಯಲ್ಲಿದ್ದ ಮೂರು ಬಣ್ಣದ ದೀಪ, ಕೊನೆಯ ಡಬ್ಬಿಯ ಬೆನ್ನಿಗೆ ತೂಗುತ್ತಿದ್ದ ಕೆಂಪು ಟೇಲ್ ಲ್ಯಾಂಪ್. ಇವೆಲ್ಲ ತಗಡು, ಹಿತ್ತಾಳೆ, ಗಾಜು. ಇವನ್ನು ಹೊತ್ತಿಸಿ ಕಾಪಾಡುವ ವಿದ್ಯೆಯೋ ಮನುಷ್ಯರ ಕೈಯಲ್ಲಿ ಮಾತ್ರ ಇದೆ. ಮುಂದಿನ ಹತ್ತು ವರ್ಷದಲ್ಲಿ ನಾವು ಎಚ್ಚೆತ್ತುಕೊಳ್ಳದಿದ್ದರೆ ಇವೆರಡೂ ಒಟ್ಟಿಗೆ ಹೋಗುತ್ತವೆ. ಈ ಮಾತನ್ನು ಈಗಲೇ ಗಟ್ಟಿಯಾಗಿ ಹೇಳಬೇಕಾಗಿದೆ.

ಈ ಮಾರ್ಗದ ಹುಟ್ಟೇ ಕಷ್ಟದಲ್ಲಿ ಆದದ್ದು. 1876–78ರ ಧಾತು–ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಜನ ಹಸಿವಿನಿಂದ ಸತ್ತರು. ಬದುಕಿದವರಿಗೆ ಕೂಲಿ ಕೊಡಲೆಂದು ಬರ ಪರಿಹಾರದ ಕಾಮಗಾರಿಯಾಗಿ ಇಲ್ಲಿ ಮಣ್ಣು ಹೊರಿಸಿದರು. 1881–82ರ ಹೊತ್ತಿಗೆ ಮೀಟರ್ ಗೇಜ್ ರೈಲು ಮೈಸೂರು ಮುಟ್ಟಿತು. ಮುಂದೆ ಮಾರ್ಗ ಖಾಸಗಿ ಕಂಪನಿಯ ಕೈಗೆ ಹೋಯಿತು, ಆಮೇಲೆ ಮೈಸೂರು ಸರ್ಕಾರ ಅದನ್ನು ತಾನೇ ನಡೆಸಿತು, ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ದಕ್ಷಿಣ ರೈಲ್ವೆಗೆ ಸೇರಿತು, 2003ರಲ್ಲಿ ಹುಬ್ಬಳ್ಳಿ ಕೇಂದ್ರವಾದ ನೈಋತ್ಯ ರೈಲ್ವೆಯದಾಯಿತು. ಈ ಒಡೆತನದ ಕಥೆಯನ್ನು ದೀಪಗಳ ಮೇಲೂ ಓದಬಹುದು. ಹಳೆಯ ದೀಪದ ಹಿತ್ತಾಳೆಯ ತಟ್ಟೆಯ ಮೇಲೋ ತಗಡಿನ ಮೈಮೇಲೋ ಕಂಪನಿಯ ಮೊದಲಕ್ಷರಗಳನ್ನು ಅಚ್ಚೊತ್ತಿರುತ್ತಾರೆ. ಒಂದು ದೀಪಕ್ಕೆ ಅದೇ ಶಾಸನ. ಕೆಂಪಾಪುರದ ಕಲ್ಲಿಗೆ ಅಕ್ಷರ ಎಷ್ಟು ಮುಖ್ಯವೋ ದೀಪಕ್ಕೆ ಈ ಅಚ್ಚು ಅಷ್ಟೇ ಮುಖ್ಯ.

ಈ ದೀಪಗಳಿಗೆ ಏಕಿಷ್ಟು ಮಹತ್ವ ಎಂದು ಕೇಳುವವರಿಗೆ ಟೇಲ್ ಲ್ಯಾಂಪಿನ ಕೆಲಸವೊಂದನ್ನೇ ಹೇಳಿದರೆ ಸಾಕು. ರಾತ್ರಿ ರೈಲು ನಿಲ್ದಾಣ ದಾಟುವಾಗ ಅಲ್ಲಿನ ಸಿಬ್ಬಂದಿ ನೋಡುತ್ತಿದ್ದದ್ದು ಎಂಜಿನ್ನನ್ನಲ್ಲ, ಕೊನೆಯ ಡಬ್ಬಿಯನ್ನು. ಅದರ ಬೆನ್ನಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ರೈಲು ಪೂರ್ತಿಯಾಗಿ ಬಂದಿದೆ ಎಂದರ್ಥ. ದೀಪ ಕಾಣದಿದ್ದರೆ ಕೊಂಡಿ ಕಳಚಿ ಯಾವುದೋ ಡಬ್ಬಿ ಹಿಂದಿನ ಹಳಿಯ ಮೇಲೆ ಕತ್ತಲಲ್ಲಿ ನಿಂತಿರಬಹುದು. ಅದು ಖಾತ್ರಿಯಾಗುವವರೆಗೆ ಹಿಂದಿನಿಂದ ಇನ್ನೊಂದು ರೈಲನ್ನು ಬಿಡುವಂತಿಲ್ಲ. ಒಂದು ಬತ್ತಿಯ ಬೆಳಕನ್ನು ನಂಬಿ ಸಾವಿರಾರು ಜನ ನಿದ್ದೆ ಮಾಡುತ್ತ ಪ್ರಯಾಣ ಮಾಡಿದರು.

ಆ ಬತ್ತಿಯ ಹಿಂದೆ ಒಬ್ಬ ಮನುಷ್ಯನಿದ್ದ. ಲ್ಯಾಂಪ್ ಮ್ಯಾನ್ ಎಂಬುದು ರೈಲ್ವೆಯಲ್ಲಿ ಒಂದು ಹುದ್ದೆಯಾಗಿತ್ತು, ನಿಲ್ದಾಣದಲ್ಲಿ ಲ್ಯಾಂಪ್ ರೂಮ್ ಎಂಬ ಸೀಮೆಎಣ್ಣೆ ವಾಸನೆಯ ಕೋಣೆಯಿತ್ತು. ಸಂಜೆಗೆ ಮೊದಲು ಅಲ್ಲಿ ಕೆಲಸ ಶುರು. ಎಣ್ಣೆಯ ಡಬ್ಬಿಯನ್ನು ಅಂಚಿನವರೆಗೆ ತುಂಬಿಸದೆ ಸ್ವಲ್ಪ ಜಾಗ ಬಿಡಬೇಕು. ಬತ್ತಿಯ ಕರಿಯನ್ನು ಚಿವುಟಿ, ತಲೆಯನ್ನು ನೇರವಾಗಿ ಕತ್ತರಿಸಿ, ಎರಡು ಮೂಲೆಗಳನ್ನು ಕೂದಲೆಳೆಯಷ್ಟು ಸವರಬೇಕು. ಮೂಲೆ ಉಳಿದರೆ ಜ್ವಾಲೆಗೆ ಕೊಂಬು ಬಂದು ಗಾಜಿಗೆ ಮಸಿ ಹಿಡಿಯುತ್ತದೆ. ಹೊತ್ತಿಸಿದ ಕೂಡಲೇ ಬತ್ತಿ ಏರಿಸಬಾರದು. ಬರ್ನರ್ ಕಾದಂತೆ ಜ್ವಾಲೆ ತಾನೇ ಬೆಳೆಯುತ್ತದೆ. ಆಮೇಲೆ ದೀಪ ಹಿಡಿದು ಕೈಮರದ ಕಬ್ಬಿಣದ ಏಣಿ ಹತ್ತಬೇಕು, ಮಳೆಯಿರಲಿ ಗಾಳಿಯಿರಲಿ. ಇವನ್ನೆಲ್ಲ ಪುಸ್ತಕ ಓದಿ ಕಲಿಯಲು ಆಗುವುದಿಲ್ಲ. ಬತ್ತಿ ಎಷ್ಟು ಕೆಳಗಿದ್ದರೆ ರಾತ್ರಿಯಿಡೀ ಉರಿಯುತ್ತದೆ ಎಂಬುದು ಹೆಬ್ಬೆರಳಿಗೆ ಗೊತ್ತಿರಬೇಕು.

ಇನ್ನೊಂದು ಸೂಕ್ಷ್ಮವನ್ನು ಹತ್ತಿರದಿಂದ ನೋಡಬೇಕು. ಹಳೆಯ ಕೈಮರದ ‘ಹಸಿರು’ ಗಾಜನ್ನು ಹಗಲಲ್ಲಿ ಕೈಗೆತ್ತಿಕೊಂಡರೆ ಅದು ಹಸಿರಲ್ಲ, ನೀಲಿ ಬೆರೆತ ಬಣ್ಣ. ತಯಾರಿಸಿದವರ ತಪ್ಪಲ್ಲ ಅದು. ಸೀಮೆಎಣ್ಣೆಯ ಜ್ವಾಲೆ ಹಳದಿ. ಆ ಹಳದಿ ಈ ನೀಲಿಯ ಮೂಲಕ ಹಾದಾಗ ಚಾಲಕನ ಕಣ್ಣಿಗೆ ಕಾಣುತ್ತಿದ್ದದ್ದು ತಿಳಿ ಹಸಿರು. ಅಂದರೆ ಬಣ್ಣದ ಅರ್ಧ ಗಾಜಿನಲ್ಲಿತ್ತು, ಇನ್ನರ್ಧ ಜ್ವಾಲೆಯಲ್ಲಿತ್ತು. ಈ ಗಾಜಿನ ಹಿಂದೆ ಬಿಳಿ ಎಲ್‌ಇಡಿ ಬಲ್ಬ್ ಇಟ್ಟರೆ ಸಿಗ್ನಲ್ ನೀಲಿಯಾಗಿ ಕಾಣುತ್ತದೆ, ನೋಡುವ ಮಕ್ಕಳಿಗೆ ಸುಳ್ಳು ಪಾಠವಾಗುತ್ತದೆ. ಗಾಜು ‘ಬಣ್ಣ ಮಾಸಿದೆ’ ಎಂದುಕೊಂಡು ಕಡುಹಸಿರು ಗಾಜು ಹಾಕಿಸಿದರೆ ಅಸಲು ಗಾಜೇ ಕಳೆದುಹೋಗುತ್ತದೆ.

ಅಪಾಯ ಈಗಾಗಲೇ ನಡೆದು ಬರುತ್ತಿದೆ. ಅದಕ್ಕೆ ಮೂರು ಮುಖಗಳಿವೆ.

ಮೊದಲನೆಯದು ಜನರದು. 1990ರ ದಶಕದಲ್ಲಿ ಬೆಂಗಳೂರು–ಮೈಸೂರು ಮಾರ್ಗ ಬ್ರಾಡ್ ಗೇಜ್ ಆಯಿತು. ಆಮೇಲೆ ಜೋಡಿ ಹಳಿ ಬಂತು, ವಿದ್ಯುತ್ ಬಂತು. ಕೈಮರಗಳ ಜಾಗದಲ್ಲಿ ಬಣ್ಣದ ದೀಪದ ಕಂಬಗಳು, ಗಾರ್ಡಿನ ಕೈಯಲ್ಲಿ ಎಲ್‌ಇಡಿ ದೀಪ, ಕೊನೆಯ ಡಬ್ಬಿಗೆ ಮಿನುಗುವ ವಿದ್ಯುತ್ ದೀಪ ಬಂದವು. ಸುರಕ್ಷತೆಯ ದೃಷ್ಟಿಯಿಂದ ಇದೆಲ್ಲ ಒಳ್ಳೆಯದೇ, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ 1975ರಲ್ಲಿ ಇಪ್ಪತ್ತರ ಹರೆಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಪ್ಪತ್ತು ದಾಟಿದೆ. ಸೀಮೆಎಣ್ಣೆ ದೀಪಗಳನ್ನು ದಿನನಿತ್ಯ ಹೊತ್ತಿಸಿದ ಕೈಗಳ ಕೊನೆಯ ತಲೆಮಾರು ಇದು. ಇವರ ಬಳಿ ಕೂತು ಕೇಳಿ ಬರೆದುಕೊಂಡವರು ಬಹಳ ಕಡಿಮೆ.

ಎರಡನೆಯದು ಸಾಮಗ್ರಿಯದು. ಪಡಿತರ ಅಂಗಡಿಯ ನೀಲಿ ಸೀಮೆಎಣ್ಣೆ ಊರ ಬದುಕಿನಿಂದ ಹೆಚ್ಚುಕಡಿಮೆ ಮರೆಯಾಗಿದೆ. ಸರಿಯಾದ ಅಗಲದ ಹತ್ತಿ ಬತ್ತಿ, ಹೊಂದುವ ಬರ್ನರ್, ದಪ್ಪ ಉಬ್ಬು ಗಾಜು ಸುಲಭಕ್ಕೆ ಸಿಗುವುದಿಲ್ಲ. ಕಲಾಯಿ ಹಾಕುವವರು, ತಗಡನ್ನು ಮಡಿಚಿ ಬೆಸುಗೆ ಹಾಕುವವರು ಸಂತೆ ಬೀದಿಗಳಿಂದ ಮಾಯವಾಗುತ್ತಿದ್ದಾರೆ.

ಮೂರನೆಯದು ಎಲ್ಲಕ್ಕಿಂತ ನೋವಿನದು: ಪ್ರೀತಿಯಿಂದಲೇ ಆಗುವ ಹಾಳು. ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ ನಾವು ಒಂದು ಟೇಲ್ ಲ್ಯಾಂಪನ್ನು ಕಂಡೆವು. ತಳದಲ್ಲಿ ಡ್ರಿಲ್ ಹೊಡೆದು ತಂತಿ ಎಳೆದಿದ್ದರು. ಎಣ್ಣೆಯ ಡಬ್ಬಿ, ಬರ್ನರ್ ಎರಡೂ ಇರಲಿಲ್ಲ. ಮೈಯೆಲ್ಲ ಕನ್ನಡಿಯಂತೆ ಹೊಳೆಯುವ ಹಾಗೆ ತಿಕ್ಕಿದ್ದರು. ಅಚ್ಚೊತ್ತಿದ ಅಕ್ಷರಗಳ ಜಾಗದಲ್ಲಿ ಬೆರಳಾಡಿಸಿದರೆ ಏನೋ ಇತ್ತು ಎಂಬ ಏರಿಳಿತ ಮಾತ್ರ ತಾಗಿತು. ಆ ದೀಪ ಯಾವ ನಿಲ್ದಾಣದ್ದು, ಯಾವ ಕಂಪನಿಯ ಕಾಲದ್ದು ಎಂದು ಇನ್ನು ಯಾರೂ ಹೇಳಲಾರರು. ಇಟ್ಟುಕೊಂಡವರಿಗೆ ಅದರ ಮೇಲೆ ಅಕ್ಕರೆಯಿತ್ತು, ಸಂದೇಹವಿಲ್ಲ. ಆದರೆ ಹೇಗೆ ಇಟ್ಟುಕೊಳ್ಳಬೇಕು ಎಂದು ಹೇಳುವವರು ಅವರಿಗೆ ಸಿಗಲಿಲ್ಲ.

ಆದ್ದರಿಂದ ಇಂಥ ದೀಪ ಮನೆಯಲ್ಲಿರುವವರಿಗೆ ಮೊದಲು ಕೆಲವು ಮಾತು. ಮುಟ್ಟುವ ಮೊದಲು ಎಲ್ಲ ಬದಿಯ ಫೋಟೊ ತೆಗೆಯಿರಿ. ಆಸಿಡ್ ಬೇಡ, ಮರಳು ಕಾಗದ ಬೇಡ. ಪ್ರತಿ ಸಲ ಉಜ್ಜಿದಾಗಲೂ ಹಿತ್ತಾಳೆಯ ಒಂದು ಪದರ ಹೋಗುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು, ಒಣಗಿದ್ದಾಗ ಕೆರೆದರೆ ಧೂಳು ಉಸಿರಿಗೆ ಸೇರುತ್ತದೆ. ಮೆತ್ತಗಿನ ಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆಯೋ ಮೇಣವೋ ಸವರಿದರೆ ತುಕ್ಕು ಹಿಡಿಯುವುದು ನಿಧಾನವಾಗುತ್ತದೆ. ಬೆಸುಗೆ ಬಿಟ್ಟಿದ್ದರೆ ಗ್ಯಾಸ್ ಜ್ವಾಲೆ ಹಿಡಿಯಬೇಡಿ. ಸೀಸ–ತವರದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕರಗಲು ತೊಡಗುತ್ತದೆ, ಒಂದು ಸಂದು ಕೂಡಿಸಲು ಹೋಗಿ ನಾಲ್ಕು ಸಂದು ಬಿಚ್ಚಿಕೊಳ್ಳುತ್ತವೆ. ಹೊತ್ತಿಸುವುದಾದರೆ ಡಬ್ಬಿ ಸೋರುವುದಿಲ್ಲ ಎಂದು ಖಚಿತವಾದ ಮೇಲೆ, ಬಯಲಿನಲ್ಲಿ, ಸೀಮೆಎಣ್ಣೆಯಿಂದ ಮಾತ್ರ. ಪೆಟ್ರೋಲ್ ಹನಿಯೂ ಸೇರಬಾರದು.

ಇನ್ನು ಸಂಸ್ಥೆಗಳ ಹೊಣೆ. ನಮ್ಮಲ್ಲಿ ನೆಲೆಯಿಲ್ಲವೆಂದಲ್ಲ. 1979ರಿಂದ ಮೈಸೂರಿನಲ್ಲಿ ರೈಲು ವಸ್ತುಸಂಗ್ರಹಾಲಯವಿದೆ, 2020ರಿಂದ ಹುಬ್ಬಳ್ಳಿಯಲ್ಲೂ ಒಂದಿದೆ. 1915ರ ಸುಮಾರಿಗೆ ಬೆಂಗಳೂರು–ಚಿಕ್ಕಬಳ್ಳಾಪುರ ಲಘು ರೈಲಿಗಾಗಿ ಕಟ್ಟಿದ ನಂದಿ ಹಾಲ್ಟ್ ನಿಲ್ದಾಣದ ಹಳೆಯ ಕಟ್ಟಡಕ್ಕೆ ಪರಂಪರೆ ಸಂರಕ್ಷಣೆಯ ಸಂಸ್ಥೆ ಇನ್‌ಟ್ಯಾಕ್‌ನ ಆಸಕ್ತಿಯಿಂದ ಮರುಜೀವ ಬಂದಿದೆ. ಪಕ್ಕದ ನೀಲಗಿರಿಯ ಬೆಟ್ಟದ ರೈಲು 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬ್ರಿಟನ್ನಿನ ಪರಂಪರೆಯ ರೈಲುಗಳಲ್ಲಿ ಸ್ವಯಂಸೇವಕರು ಎಣ್ಣೆದೀಪಗಳನ್ನು ತಾವೇ ರಿಪೇರಿ ಮಾಡಿ, ಹೊಸಬರಿಗೆ ಕಲಿಸಿ, ಓಡುವ ರೈಲಿಗೇ ತೂಗುಹಾಕುತ್ತಾರೆ. ಅಲ್ಲಿ ದೀಪ ಉಳಿದಿರುವುದು ಕೆಲಸ ಮಾಡುತ್ತಿರುವುದರಿಂದ. ನಮ್ಮಲ್ಲಿ ಅದು ಗಾಜಿನ ಪೆಟ್ಟಿಗೆಯೊಳಗೆ ಕೂತರೆ ಅರ್ಧ ಮಾತ್ರ ಉಳಿಯುತ್ತದೆ.

ನೈಋತ್ಯ ರೈಲ್ವೆ ಮಾಡಬೇಕಾದ ಮೊದಲ ಕೆಲಸ ಎಣಿಕೆ. ಯಾವ ನಿಲ್ದಾಣದ ಉಗ್ರಾಣದಲ್ಲಿ, ಯಾವ ಡಿಪೊದಲ್ಲಿ ಎಷ್ಟು ದೀಪಗಳಿವೆ, ಯಾವ ಅಚ್ಚಿನವು ಎಂಬ ಪಟ್ಟಿಯಾಗಲಿ. ಪಟ್ಟಿ ಮುಗಿಯುವವರೆಗೆ ಒಂದು ದೀಪವೂ ಗುಜರಿ ಹರಾಜಿನ ರಾಶಿಗೆ ಬೀಳದಿರಲಿ. ಎರಡನೆಯದು ದಾಖಲೆ. ನಿವೃತ್ತ ಲ್ಯಾಂಪ್ ಮ್ಯಾನ್‌ಗಳು, ಪಾಯಿಂಟ್ಸ್‌ಮನ್‌ಗಳು, ಗಾರ್ಡ್‌ಗಳನ್ನು ಮೈಸೂರಿನ ಸಂಗ್ರಹಾಲಯಕ್ಕೆ ಕರೆಸಿ, ಕೈಗೆ ದೀಪ ಕೊಟ್ಟು, ಅವರ ಮಾತನ್ನೂ ಕೈಚಳಕವನ್ನೂ ವಿಡಿಯೊದಲ್ಲಿ ಹಿಡಿದಿಡಬೇಕು. ಮೂರನೆಯದು ಕಲಿಕೆ. ಚನ್ನಪಟ್ಟಣದ ಅರಗಿನ ಆಟಿಕೆಯ ಕಸುಬು ಇಂದಿಗೂ ಬದುಕಿದೆ ಎಂದರೆ ಅಲ್ಲಿ ಒಂದು ಕೈಯಿಂದ ಇನ್ನೊಂದು ಕೈಗೆ ವಿದ್ಯೆ ದಾಟುತ್ತ ಬಂದಿರುವುದೇ ಕಾರಣ. ಅದೇ ಸೀಮೆಯ ಐಟಿಐ ಹುಡುಗರಿಗೆ, ಹುಡುಗಿಯರಿಗೆ ತಗಡಿನ ಕೆಲಸ, ಕಲಾಯಿ, ಬರ್ನರ್ ದುರಸ್ತಿಯನ್ನು ಹಿರಿಯರಿಂದ ಕಲಿಸುವ ಒಂದು ಸಣ್ಣ ಕಮ್ಮಟ ಸಾಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಒಂದು ಕೋಣೆ, ನಾಲ್ಕು ಬೆಂಚು, ಹತ್ತು ದೀಪ, ಇಬ್ಬರು ಹಿರಿಯರು ಬೇಕು.

ಇವುಗಳಲ್ಲಿ ತಡಮಾಡಲಾಗದ್ದು ಹಿರಿಯರ ವಿಷಯದಲ್ಲಿ. ಕೋಣೆಯನ್ನು ಯಾವಾಗ ಬೇಕಾದರೂ ಕಟ್ಟಬಹುದು, ಹಿರಿಯರನ್ನು ಕಟ್ಟಿ ತರಲಾಗದು. ಕೆಂಪಾಪುರದಲ್ಲಿ ನಾವು ತಡವಾಗಿ ಹೋದೆವು, ಆದರೂ ಓದಲು ಅಕ್ಷರವಿತ್ತು. ತುಕ್ಕು ತಿಂದ ತಗಡಿನ ಮೇಲೆ ಅಕ್ಷರ ಇರುವುದಿಲ್ಲ, ತೀರಿಕೊಂಡವರ ಹೆಬ್ಬೆರಳಿಗೆ ಗೊತ್ತಿದ್ದದ್ದು ಯಾವ ಶಾಸನದಲ್ಲೂ ಸಿಗುವುದಿಲ್ಲ. ನಿಮ್ಮ ಬೀದಿಯಲ್ಲಿ, ನಿಮ್ಮ ನೆಂಟರಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರೆ ಈ ಭಾನುವಾರವೇ ಹೋಗಿ ಕೂರಿ. ಬತ್ತಿ ಹೇಗೆ ಕತ್ತರಿಸುತ್ತಿದ್ದಿರಿ ಎಂದು ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ.